ಆ ಹುಡುಗನಿಗೆ ಏನು ಬೇಕಿತ್ತು?

ಹೈಸ್ಕೂಲು ಮಕ್ಕಳ ನೋಟ್‌ಬುಕ್ಕಿನ ಕೊನೆಯ ಪುಟ ತಿರುವಿ ನೋಡುವ ಅಭ್ಯಾಸವಿರುವ ಮಾಷ್ಟ್ರುಗಳಿಗೆ ಇದು ಗೊತ್ತಿರುತ್ತದೆ. ಮೊದಲು ಅಲ್ಲಿ ಯಕ್ಷಗಾನದ ಕಿರೀಟ, ಸಿನೆಮಾ ನಟರ ಮುಖ, ಕ್ರಿಕೆಟ್ ಆಟಗಾರರ ಹೆಸರು ಇರುತ್ತಿದ್ದವು. ಈಗ ಮುಳ್ಳುಹಂದಿಯ ಹಾಗೆ ಕೂದಲು ನಿಂತ, ಮುಖದಲ್ಲಿ ಅರ್ಧ ಭಾಗ ಕಣ್ಣೇ ಆಗಿರುವ ಹುಡುಗರ ಚಿತ್ರ. "ಯಾರು ಮಾರಾಯ ಇದು?" ಅಂತ ಕೇಳಿದರೆ ಸಾಕು, ಪಾಠದಲ್ಲಿ ಬಾಯಿ ಬಿಡದವನೂ ಹತ್ತು ನಿಮಿಷ ಮಾತಾಡುತ್ತಾನೆ. ನರುಟೋ, ಲೂಫಿ, ಗೋಕು, ತಾಂಜಿರೋ... ಎಲ್ಲ ಜಪಾನಿನವರು.

ಆ ದೇಶದ ಚಿತ್ರಕಥೆಗಳಿಗೆ ಮಂಗಾ ಅಂತ ಹೆಸರು. ನಮ್ಮ ಕಿವಿಗೆ ಮಂಗನ ನೆನಪಾಗುವುದು ಸಹಜ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮನಸ್ಸಿಗೆ ಬಂದ ಹಾಗೆ ಬಿಡಿಸಿದ ಚಿತ್ರ ಎಂಬುದು ಆ ಪದದ ಹತ್ತಿರದ ಅರ್ಥ. ಅದೇ ಪರದೆಯ ಮೇಲೆ ಚಲಿಸಿದರೆ ಅನಿಮೆ. (ಒಬ್ಬ ನಿಜವಾದ ಮಂಗ ಈ ಕಥೆಯಲ್ಲಿ ಮುಂದೆ ಬರುತ್ತಾನೆ, ತಾಳಿ.)

ಈ ಕಥೆಗಳಲ್ಲಿ ನನಗೆ ವಿಚಿತ್ರ ಅನಿಸಿದ್ದು ಒಂದು. ಮೊದಲ ಅಧ್ಯಾಯದಲ್ಲೇ ನಾಯಕ ಎದೆ ತಟ್ಟಿ ತನಗೇನು ಬೇಕು ಅಂತ ಹೇಳಿಬಿಡುತ್ತಾನೆ. ಒಬ್ಬನಿಗೆ ಕಡಲ್ಗಳ್ಳರ ರಾಜನಾಗಬೇಕು. ಇನ್ನೊಬ್ಬನಿಗೆ ಊರಿನ ಮುಖಂಡನಾಗಬೇಕು. ನಮ್ಮ ಪುರಾಣದ ನಾಯಕರು ಹೀಗಲ್ಲ. ರಾಮ ಕಾಡಿಗೆ ಹೋದದ್ದು ತನಗೆ ಬೇಕಾಗಿ ಅಲ್ಲ, ಅಪ್ಪ ಕೊಟ್ಟ ಮಾತಿಗಾಗಿ. ಹಾಗಾದರೆ ಜಪಾನಿನ ಮಕ್ಕಳ ಕಥೆಯಲ್ಲಿ "ನನಗೆ ಬೇಕು" ಎಂಬ ಮಾತು ಇಷ್ಟು ಜೋರಾಗಿ ಯಾವಾಗ ಬಂತು? ಹುಡುಕುತ್ತಾ ಹೋದರೆ ಇದು ಬರೀ ಕಥೆಗಳ ಚರಿತ್ರೆಯಲ್ಲ, ಒಂದು ದೇಶ ತನ್ನ ಮಕ್ಕಳಿಂದ ಏನನ್ನು ಬಯಸಿತು ಎಂಬುದರ ಚರಿತ್ರೆ.

1931ಕ್ಕೆ ಹೋಗೋಣ. 'ಶೋನೆನ್ ಕುರಾಬು' ಎಂಬ ಹುಡುಗರ ಪತ್ರಿಕೆಯಲ್ಲಿ ತಗಾವಾ ಸುಯಿಹೋ ಎಂಬವರು 'ನೊರಾಕುರೊ' ಎಂಬ ಚಿತ್ರಕಥೆ ಶುರುಮಾಡಿದರು. ನೊರಾಕುರೊ ಅಪ್ಪ ಅಮ್ಮ ಇಲ್ಲದ ಒಂದು ಬೀದಿನಾಯಿ, ಕರಿನಾಯಿ. ಅದು ನಾಯಿಗಳ ಸೈನ್ಯಕ್ಕೆ ಸೇರುತ್ತದೆ. ಮೊದಮೊದಲು ಎಡವಟ್ಟು ಮಾಡಿ ಬೈಸಿಕೊಳ್ಳುವ ಕೊನೆಯ ದರ್ಜೆಯ ಸಿಪಾಯಿ. ಆಮೇಲೆ ವರ್ಷ ವರ್ಷಕ್ಕೂ ಬಡ್ತಿ. ಜಪಾನಿನ ಮಕ್ಕಳು ಆ ನಾಯಿಯ ಭುಜದ ಪಟ್ಟಿ ಎಣಿಸುತ್ತಾ ದೊಡ್ಡವರಾದರು. ನೊರಾಕುರೊಗೆ ಬೇಕಿದ್ದದ್ದು ಅಷ್ಟೇನೂ ದೊಡ್ಡದಲ್ಲ, ಒಂದು ಮನೆ, ತನ್ನವರು ಅಂತ ಹೇಳಿಕೊಳ್ಳಲಿಕ್ಕೆ ನಾಲ್ಕು ಜನ. ಅದನ್ನು ಕೊಡುವ ಏಕೈಕ ಜಾಗ ಸೈನ್ಯ ಅಂತ ಕಥೆ ಹೇಳಿತು. ಅದೇ 1931ರಲ್ಲಿ ಜಪಾನ್ ಮಂಚೂರಿಯಕ್ಕೆ ನುಗ್ಗಿತ್ತು ಎಂಬುದನ್ನೂ ನೆನಪಿಡಬೇಕು. ಕೊನೆಗೆ 1941ರಲ್ಲಿ ಸರಕಾರದ ಒತ್ತಡದಿಂದಲೇ ಆ ಕಥೆ ನಿಂತಿತು. ಯುದ್ಧಕಾಲದಲ್ಲಿ ನಗಿಸುವ ನಾಯಿಗೂ ಕಾಗದ ದಂಡ ಅನಿಸಿತೋ ಏನೋ.

ನಂತರ ಮೊಮೊತಾರೊ. ಇದು ಜಪಾನಿನ ಅಜ್ಜಿಕಥೆ. ಪೀಚ್ ಹಣ್ಣಿನೊಳಗಿಂದ ಹುಟ್ಟಿದ ಹುಡುಗ ನಾಯಿ, ಮಂಗ, ಕಾಡುಕೋಳಿಯ ಜಾತಿಯ ಒಂದು ಹಕ್ಕಿ ಈ ಮೂವರಿಗೆ ಹಿಟ್ಟಿನುಂಡೆ ಕೊಟ್ಟು ಜೊತೆಮಾಡಿಕೊಂಡು ರಾಕ್ಷಸರ ದ್ವೀಪಕ್ಕೆ ಹೋಗಿ ಗೆದ್ದು ಬರುತ್ತಾನೆ. ಯುದ್ಧದ ವರ್ಷಗಳಲ್ಲಿ ಈ ಹುಡುಗನಿಗೆ ನೌಕಾಪಡೆಯ ಸಮವಸ್ತ್ರ ತೊಡಿಸಲಾಯಿತು. ನೌಕಾಪಡೆಯ ಹಣದಿಂದ ಸೆಯೊ ಮಿತ್ಸುಯೊ ಎಂಬವರು ಮಾಡಿದ 'ಮೊಮೊತಾರೊ: ಸಮುದ್ರದ ದಿವ್ಯ ಯೋಧರು' 1945ರ ಏಪ್ರಿಲ್‌ನಲ್ಲಿ ತೆರೆ ಕಂಡಿತು. ಜಪಾನಿನ ಮೊದಲ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ ಅದು, ಸುಮಾರು ಒಂದೂಕಾಲು ಗಂಟೆಯದು. ಅದರಲ್ಲೊಂದು ದೃಶ್ಯವಿದೆ. ದಕ್ಷಿಣ ಸಮುದ್ರದ ದ್ವೀಪದ ಕಾಡುಪ್ರಾಣಿಗಳಿಗೆ ಜಪಾನೀ ಸೈನಿಕ-ಪ್ರಾಣಿಗಳು ಅಕ್ಷರ ಕಲಿಸುತ್ತವೆ. ಪಾಠ ಹಿಡಿಸದೆ ಅವು ಗಲಾಟೆ ಮಾಡುತ್ತವೆ. ಆಗ ಯಾರೋ 'ಅ ಇ ಉ ಎ ಒ' ಅಂತ ರಾಗ ಹಾಕುತ್ತಾರೆ, ಎಲ್ಲರೂ ಖುಷಿಯಿಂದ ಹಾಡುತ್ತಾ ಕೆಲಸಕ್ಕೆ ತೊಡಗುತ್ತವೆ. ಬಹಳ ಮುದ್ದಾದ ದೃಶ್ಯ. ಆದರೆ ಆ ಪ್ರಾಣಿಗಳಿಗೆ ಅವುಗಳದ್ದೇ ಆದ ಮಾತು ಒಂದು ಇದ್ದಿರಬಹುದು ಎಂಬ ಯೋಚನೆ ಚಿತ್ರ ಮಾಡಿದವರಿಗೆ ಬಂದೇ ಇಲ್ಲ. ಗಡಿಯಾಚೆ ಕೂತು ಅಆಇಈ ಕಲಿಸುವ ನಮ್ಮಂಥವರಿಗೆ ಈ ಹಾಡು ಕೇಳುವಾಗ ಒಂಥರಾ ಇರಿಸುಮುರಿಸು ಆಗುತ್ತದೆ.

ಇಲ್ಲಿಯ ತನಕ ನಾಯಕನಿಗೆ ಬೇಕಾದದ್ದೂ ದೇಶಕ್ಕೆ ಬೇಕಾದದ್ದೂ ಒಂದೇ. ಒಡಕು ಬಂದದ್ದು ಆಮೇಲೆ.

ಆ ಚಿತ್ರವನ್ನು ಬಾಂಬು ಬಿದ್ದು ಹಾಳಾಗಿದ್ದ ಒಸಾಕಾ ನಗರದ ಒಂದು ಥಿಯೇಟರಿನಲ್ಲಿ 16 ವರ್ಷದ ಒಬ್ಬ ಹುಡುಗ ನೋಡಿದ. ಹೆಸರು ಒಸಾಮು ತೆಜುಕಾ. ಯುದ್ಧಪ್ರಚಾರದ ಕೆಳಗೆ ಮಕ್ಕಳ ಕನಸಿನಂಥದ್ದು ಏನೋ ಇದೆ ಅಂತ ಅನಿಸಿ ಅವನಿಗೆ ಕಣ್ಣೀರು ಬಂತು, ತಾನೂ ಒಂದು ದಿನ ಇಂಥದ್ದು ಮಾಡುತ್ತೇನೆ ಅಂತ ನಿಶ್ಚಯಿಸಿದ. ಆಗಸ್ಟ್‌ನಲ್ಲಿ ಯುದ್ಧ ಮುಗಿಯಿತು. ತೆಜುಕಾ ಮೆಡಿಕಲ್ ಓದಿದರು, ಆದರೆ ಚಿತ್ರ ಬಿಡಲಿಲ್ಲ. 1947ರಲ್ಲಿ ಬಂದ ಅವರ 'ಹೊಸ ನಿಧಿದ್ವೀಪ' (ಕಥೆ ಸಕಾಯಿ ಶಿಚಿಮಾ ಅವರದು) ಊರೂರಿಗೆ ಹೋಯಿತು.

ಅಮೆರಿಕದ ಸೈನ್ಯ ಜಪಾನಿನಲ್ಲಿ ಬೀಡುಬಿಟ್ಟ ಕಾಲ ಅದು. ದಾರಿಯಲ್ಲಿ ಎದುರಾದ ಅಮೆರಿಕನ್ ಸೈನಿಕರು ಏನೋ ಕೇಳಿದರು, ತೆಜುಕಾ ಅವರಿಗೆ ಇಂಗ್ಲಿಷ್ ಅರ್ಥವಾಗಲಿಲ್ಲ, ಪೆಟ್ಟು ತಿಂದರು. ಮಾತು ತಿಳಿಯದ್ದಕ್ಕೆ ಬಿದ್ದ ಆ ಪೆಟ್ಟನ್ನು ಅವರು ಮರೆಯಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ತಲುಪದೆ ಹುಟ್ಟುವ ಜಗಳವೇ ತಮ್ಮ ಕಥೆಗಳ ಬೇರು ಅಂತ ಆಮೇಲೆ ಬರೆದುಕೊಂಡರು. 1951ರಲ್ಲಿ 'ರಾಯಭಾರಿ ಆಟಮ್', 1952ರಿಂದ 'ಉಕ್ಕಿನ ತೋಳಿನ ಆಟಮ್'. ಹೊರದೇಶಗಳಲ್ಲಿ ಆಸ್ಟ್ರೋ ಬಾಯ್ ಅಂತ ಗೊತ್ತಿರುವುದು ಇವನೇ. 1963ರ ಜನವರಿ 1ರಂದು ಟಿ.ವಿ.ಗೆ ಬಂದ.

ಆಟಮ್ ಹುಟ್ಟಿದ್ದು ಹೇಗೆ ನೋಡಿ. ಡಾಕ್ಟರ್ ತೆನ್ಮಾ ಎಂಬ ವಿಜ್ಞಾನಿಯ ಮಗ ವಾಹನ ಅಪಘಾತದಲ್ಲಿ ಸಾಯುತ್ತಾನೆ. ದುಃಖದಲ್ಲಿ ಹುಚ್ಚನಂತಾದ ಅಪ್ಪ ಮಗನ ರೂಪದ ರೋಬೋಟ್ ಮಾಡುತ್ತಾನೆ. ಕೆಲವು ಕಾಲ ಪ್ರೀತಿಸುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಈ ಮಗ ಉದ್ದ ಬೆಳೆಯುವುದೇ ಇಲ್ಲ. ಸಿಟ್ಟಿನಲ್ಲಿ ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಮುಂದೆ ಒಬ್ಬ ಒಳ್ಳೆಯ ಪ್ರೊಫೆಸರ್ ಅವನನ್ನು ಬಿಡಿಸಿ ತರುತ್ತಾರೆ. ಒಂದು ಲಕ್ಷ ಕುದುರೆಶಕ್ತಿಯ ಆ ಹುಡುಗನಿಗೆ ಬೇಕಾದದ್ದು ಗೆಲುವಲ್ಲ, ಅಪ್ಪ ಅಮ್ಮ, ಶಾಲೆ, ತಾನು ಯಾರು ಎಂಬ ಪ್ರಶ್ನೆಗೆ ಉತ್ತರ. ಮನುಷ್ಯರು ಅವನನ್ನು ತಮ್ಮವನು ಅನ್ನುವುದಿಲ್ಲ, ರೋಬೋಟುಗಳಿಗೂ ಅವನು ಪೂರ್ತಿ ತಮ್ಮವನಲ್ಲ. ಎರಡೂ ಕಡೆ ಸೇರದವನು ಎರಡೂ ಕಡೆಯ ಮಾತು ಆಡಬೇಕಾಗುತ್ತದೆ. ಈ ಸ್ಥಿತಿ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

1964ರ ಅಕ್ಟೋಬರಿನಲ್ಲಿ ಟೋಕಿಯೋ ಒಲಿಂಪಿಕ್ಸ್. ಜಪಾನಿನ ಹೆಣ್ಣುಮಕ್ಕಳ ವಾಲಿಬಾಲ್ ತಂಡ ಚಿನ್ನ ಗೆದ್ದಿತು. ಕೋಚ್ ದಾಯಿಮಾತ್ಸು ಅವರ ನಿರ್ದಯ ತರಬೇತಿ ದೇಶಕ್ಕೆಲ್ಲ ಮಾದರಿಯಾಯಿತು. ಕಾರ್ಖಾನೆ, ರೈಲು, ಹೊಸ ರಸ್ತೆ... ಎಲ್ಲರೂ ದುಡಿಯುತ್ತಿದ್ದ ಕಾಲ. ಕಥೆಗಳಲ್ಲೂ ಬೆವರೇ ಬೆವರು. 1966ರಲ್ಲಿ ಕಾಜಿವಾರಾ ಇಕ್ಕಿ ಬರೆದು ಕವಾಸಾಕಿ ನೊಬೊರು ಬಿಡಿಸಿದ 'ಕ್ಯೋಜಿನ್ ನೊ ಹೋಶಿ' ಬಂತು. ಅಪ್ಪ ಹಿಂದೆ ಬೇಸ್‌ಬಾಲ್ ಆಟಗಾರ, ಯುದ್ಧದಲ್ಲಿ ಭುಜ ಹಾಳಾಗಿ ಈಗ ಕೂಲಿ ಕೆಲಸ. ತನ್ನ ಕನಸನ್ನು ಮಗನ ಮೇಲೆ ಹೊರಿಸುತ್ತಾನೆ. ಸ್ಪ್ರಿಂಗುಗಳಿರುವ ಪಟ್ಟಿಯೊಂದನ್ನು ಮಗನ ಮೈಗೆ ಕಟ್ಟಿ ಅದರಲ್ಲೇ ದಿನ ಕಳೆಯಲು ಹೇಳುತ್ತಾನೆ, ತೋಳು ಗಟ್ಟಿಯಾಗಲಿ ಅಂತ. ಮಗ ಅಳುತ್ತಾ ಮಾಡುತ್ತಾನೆ. ಇಲ್ಲಿ ಬೇಕು ಅಂದವನು ಅಪ್ಪ, ದುಡಿದವನು ಮಗ. ಎಂಟ್ರೆನ್ಸ್ ಕೋಚಿಂಗಿನ ನಮ್ಮ ಕಾಲಕ್ಕೆ ಈ ಅಪ್ಪ ಚೆನ್ನಾಗಿ ಅರ್ಥವಾಗುತ್ತಾನೆ. 2012ರ ಡಿಸೆಂಬರಿನಲ್ಲಿ ಇದೇ ಕಥೆ 'ಸೂರಜ್, ದಿ ರೈಸಿಂಗ್ ಸ್ಟಾರ್' ಎಂಬ ಹೆಸರಿನಲ್ಲಿ ಹಿಂದಿ ಟಿ.ವಿ.ಗೂ ಬಂತು. ಬೇಸ್‌ಬಾಲ್ ಹೋಗಿ ಕ್ರಿಕೆಟ್ ಆಯಿತು, ಟೋಕಿಯೋ ಹೋಗಿ ಮುಂಬಯಿ. ಅಪ್ಪನನ್ನು ಬದಲಿಸುವ ಅಗತ್ಯ ಬಹುಶಃ ಯಾರಿಗೂ ಕಾಣಲಿಲ್ಲ.

ಇದೇ ಕಾಜಿವಾರಾ ಬೇರೆ ಹೆಸರಿನಲ್ಲಿ ಬರೆದದ್ದು 'ನಾಳೆಯ ಜೋ' (1968ರಿಂದ 1973). ಚಿತ್ರ ಚಿಬಾ ತೆತ್ಸುಯಾ ಅವರದು. ಜೋ ಅನಾಥ. ಟೋಕಿಯೋದ ಕೂಲಿಗಳ ಕೇರಿಗೆ ಎಲ್ಲಿಂದಲೋ ಬಂದು ಸೇರುತ್ತಾನೆ. ಕುಡುಕ ಒಕ್ಕಣ್ಣ ಕೋಚ್ ಒಬ್ಬ ಇವನಲ್ಲಿ ಬಾಕ್ಸರನನ್ನು ಕಾಣುತ್ತಾನೆ. ಜೋನ ಎದುರಾಳಿ ರಿಕಿಶಿ. ಚಿಬಾ ಅವರು ರಿಕಿಶಿಯನ್ನು ಮೊದಲು ಬಿಡಿಸುವಾಗ ಜೋಗಿಂತ ಬಹಳ ಎತ್ತರಕ್ಕೆ ಬಿಡಿಸಿಬಿಟ್ಟರಂತೆ. ಬಾಕ್ಸಿಂಗಿನಲ್ಲಿ ತೂಕ ಬೇರೆಯಾದರೆ ಇಬ್ಬರೂ ಎದುರುಬದುರಾಗುವ ಹಾಗಿಲ್ಲ. ಹಾಗಾಗಿ ರಿಕಿಶಿ ಅನ್ನ ನೀರು ಬಿಟ್ಟು ತೂಕ ಇಳಿಸುವ ಕಥೆ ಹುಟ್ಟಿತು. ಜೋನ ಜೊತೆ ಒಮ್ಮೆ ಹೋರಾಡಬೇಕು, ಅದೊಂದೇ ಆಸೆ. ಗೆದ್ದ, ಗೆದ್ದ ಕೂಡಲೇ ಸತ್ತ. 1970ರ ಮಾರ್ಚ್ 24ರಂದು ಪ್ರಕಾಶಕರ ಕಚೇರಿಯ ಸಭಾಂಗಣದಲ್ಲಿ ಈ ಕಾಗದದ ಮನುಷ್ಯನಿಗೆ ಶ್ರದ್ಧಾಂಜಲಿ ನಡೆಯಿತು. ಮುಂದೆ ನಿಂತು ನಡೆಸಿದ್ದು ತೆರಾಯಾಮಾ ಶೂಜಿ ಎಂಬ ಕವಿ, ಬಂದದ್ದು ಸುಮಾರು 700 ಜನ! ಅದಾಗಿ ಒಂದು ವಾರಕ್ಕೆ, ಮಾರ್ಚ್ 31ರಂದು, ಜಪಾನಿನ ತೀವ್ರವಾದಿ ಯುವಕರು ವಿಮಾನವೊಂದನ್ನು ಅಪಹರಿಸಿ ಉತ್ತರ ಕೊರಿಯಕ್ಕೆ ಹೋದರು. ತಾವು ನಾಳೆಯ ಜೋಗಳು ಅಂತ ಅವರು ತಮ್ಮ ಹೇಳಿಕೆಯಲ್ಲಿ ಬರೆದಿದ್ದರು.

ಜೋಗೆ ಏನು ಬೇಕಿತ್ತು? ಹಣ ಅಲ್ಲ, ಪದಕವೂ ಅಲ್ಲ. ಅರ್ಧಂಬರ್ಧ ಉರಿದು ಹೊಗೆಯಾಗುವುದು ಬೇಡ, ಪೂರ್ತಿ ಉರಿದು ಬೂದಿಯಾಗಬೇಕು ಅಂತ. ಅವನ ಕಥೆ ಮುಗಿಯುವುದೂ ಹಾಗೆಯೇ. ಆ ಕಾಲದ ಯುವಕರಿಗೆ ಇದು ಹಿಡಿಸಿದ್ದು ಅರ್ಥವಾಗುತ್ತದೆ, ಆದರೆ ಮಕ್ಕಳ ಮುಂದೆ ಇದನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಉರಿದು ಬೂದಿಯಾದವರನ್ನು ನಿಜವಾಗಿ ಕಂಡವನೊಬ್ಬ ಆಗ ಅದೇ ಟೋಕಿಯೋದಲ್ಲಿ ಬದುಕಿದ್ದ.

ಕೇಜಿ ನಕಾಜಾವಾ ಹುಟ್ಟಿದ್ದು 1939ರಲ್ಲಿ, ಹಿರೋಷಿಮಾದಲ್ಲಿ. ಅಪ್ಪ ಚಿತ್ರಕಾರ, ಮರದ ಚಪ್ಪಲಿಗಳಿಗೆ ಬಣ್ಣ ಹಾಕಿ ಸಂಸಾರ ಸಾಗಿಸುತ್ತಿದ್ದರು. ಯುದ್ಧ ಬೇಡ ಅನ್ನುವ ನಾಟಕ ತಂಡದಲ್ಲಿದ್ದದ್ದಕ್ಕೆ ಜೈಲು ಕಂಡವರು. 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಒಂದನೇ ಕ್ಲಾಸಿನ ಕೇಜಿ ಶಾಲೆಯ ಗೇಟಿನ ಹತ್ತಿರ ಸಹಪಾಠಿಯೊಬ್ಬನ ತಾಯಿಯೊಂದಿಗೆ ಮಾತಾಡುತ್ತಾ ನಿಂತಿದ್ದ. ಬಾಂಬು ಬಿದ್ದ ಜಾಗದಿಂದ ಸುಮಾರು 1.2 ಕಿಲೋಮೀಟರ್. ಶಾಲೆಯ ಕಾಂಕ್ರೀಟ್ ಗೋಡೆ ಅಡ್ಡವಾದದ್ದರಿಂದ ಅವನು ಉಳಿದ, ಎದುರಿಗಿದ್ದ ಆ ತಾಯಿ ಉಳಿಯಲಿಲ್ಲ. ಮನೆಯಲ್ಲಿ ಅಪ್ಪ, ಅಕ್ಕ, ತಮ್ಮ ಕುಸಿದ ಮನೆಯಡಿ ಸಿಕ್ಕಿ ಹೋದರು. ತುಂಬು ಗರ್ಭಿಣಿಯಾಗಿದ್ದ ತಾಯಿಗೆ ಅದೇ ದಿನ ಬೀದಿಯಲ್ಲಿ ಹೆರಿಗೆಯಾಯಿತು. ಹುಟ್ಟಿದ ಹೆಣ್ಣುಮಗು ನಾಲ್ಕು ತಿಂಗಳು ಬದುಕಿತು.

ಯುದ್ಧ ಮುಗಿದ ಮೇಲೆ ಬೂದಿಯಾದ ಊರಿನಲ್ಲಿ ಈ ಹುಡುಗನ ಕೈಗೆ ಒಂದು ಪುಸ್ತಕ ಸಿಕ್ಕಿತು. ತೆಜುಕಾ ಅವರ 'ಹೊಸ ನಿಧಿದ್ವೀಪ'! ಅದನ್ನು ನೋಡಿ ನೋಡಿ ಬಿಡಿಸಿದ. ಬೋರ್ಡು ಬರೆಯುವವರ ಹತ್ತಿರ ಕೆಲಸಕ್ಕೆ ಸೇರಿದ, 1961ರಲ್ಲಿ ಟೋಕಿಯೋಕ್ಕೆ ಹೋದ. ಅಲ್ಲಿ ಹಿರೋಷಿಮಾದವನು ಅಂತ ಗೊತ್ತಾದರೆ ಜನ ದೂರ ಸರಿಯುತ್ತಿದ್ದರು, ರೋಗ ಅಂಟುತ್ತದೆ ಎಂಬ ಹೆದರಿಕೆ. ಹಾಗಾಗಿ ಬಾಯಿ ಮುಚ್ಚಿಕೊಂಡು ಎಲ್ಲರಂತೆ ಸಾಹಸದ ಕಥೆ, ಆಟದ ಕಥೆ ಬಿಡಿಸಿದ. ಬಾಂಬಿನ ಬಗ್ಗೆ ಒಂದು ಗೆರೆಯೂ ಇಲ್ಲ.

1966ರಲ್ಲಿ ತಾಯಿ ತೀರಿಕೊಂಡರು. ಜಪಾನಿನಲ್ಲಿ ದಹನದ ನಂತರ ಮನೆಯವರು ಎಲುಬುಗಳನ್ನು ಆಯ್ದು ಕುಡಿಕೆಯಲ್ಲಿ ಇಡುತ್ತಾರೆ. ನಮ್ಮಲ್ಲೂ ಅಸ್ಥಿಸಂಚಯನ ಇದೆಯಲ್ಲ, ಹಾಗೆ. ನಕಾಜಾವಾ ಹೋಗಿ ನೋಡಿದರೆ ಎಲುಬೇ ಇಲ್ಲ, ಬರೀ ಬಿಳಿ ಚೂರುಗಳು. ಬಾಂಬಿನ ವಿಕಿರಣ ತಾಯಿಯ ಎಲುಬನ್ನೂ ತಿಂದುಬಿಟ್ಟಿದೆ ಅಂತ ಅವರಿಗೆ ಅನಿಸಿತು. ಟೋಕಿಯೋಕ್ಕೆ ಹಿಂದಿರುಗುವ ರೈಲಿನಲ್ಲಿ ಆ ಸಿಟ್ಟು ಕುದಿಯಿತು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಇನ್ನು ಬಿಡಿಸಿಯೇ ಸಿದ್ಧ.

1968ರಲ್ಲಿ ಮೊದಲ ಬಾಂಬಿನ ಕಥೆ. 1972ರಲ್ಲಿ ತನ್ನದೇ ಬದುಕಿನ ಸಣ್ಣ ಕಥೆ. ಅದನ್ನು ನೋಡಿದ 'ಶೋನೆನ್ ಜಂಪ್' ವಾರಪತ್ರಿಕೆಯ ಸಂಪಾದಕ ನಾಗಾನೊ ತಾದಾಸು, ಉದ್ದಕ್ಕೆ ಬರೆಯಿರಿ ಅಂತ ಧೈರ್ಯ ಕೊಟ್ಟರು. ಹೀಗೆ 1973ರಲ್ಲಿ 'ಬರಿಗಾಲ ಗೆನ್' ಶುರುವಾಯಿತು. ಗೆನ್ ಎಂದರೆ ಮೂಲ, ಬೇರು. ಸುಟ್ಟ ನೆಲವನ್ನು ಬರಿಗಾಲಲ್ಲಿ ತುಳಿದು ನಿಲ್ಲುವವನು ಅಂತ ಹೆಸರಿಟ್ಟರು.

ಗೆನ್‌ನ ಅಪ್ಪ ಮಕ್ಕಳಿಗೆ ಗೋಧಿಯ ಪೈರು ತೋರಿಸುತ್ತಾನೆ. ಚಳಿಗಾಲದಲ್ಲಿ ಅದನ್ನು ತುಳಿಯುತ್ತಾರೆ, ತುಳಿದಷ್ಟೂ ಬೇರು ಗಟ್ಟಿಯಾಗಿ ನೇರ ಬೆಳೆಯುತ್ತದೆ, ಹಾಗೆ ಬೆಳೆಯಿರಿ ಎನ್ನುತ್ತಾನೆ. ಯುದ್ಧದ ವಿರುದ್ಧ ಮಾತಾಡಿದ್ದಕ್ಕೆ ಊರವರೆಲ್ಲ ಆ ಮನೆಯವರನ್ನು ದೇಶದ್ರೋಹಿ ಅಂತ ಕರೆದಿದ್ದಾರೆ. ಜೊತೆಗಿರುವವನು ಪಕ್ಕದ ಮನೆಯ ಕೊರಿಯನ್ ಪಾಕ್ ಒಬ್ಬನೇ. ಬಾಂಬು ಬಿದ್ದ ಮೇಲೆ ಗೆನ್‌ಗೆ ಬೇಕಾದದ್ದು ಏನು ಅಂತ ನೀವೇ ಓದಿ ನೋಡಿ. ಅಕ್ಕಿ. ತಾಯಿಗೆ ಎದೆಹಾಲು ಬರಬೇಕು. ತಂಗಿಗೆ ಹಾಲು ಬೇಕು. ತಲೆಯ ಮೇಲೆ ಒಂದು ಸೂರು. ಮೊದಲ ಪುಟದಲ್ಲಿ ಎದೆ ತಟ್ಟಿ ಹೇಳುವಂಥ ಆಸೆ ಒಂದೂ ಇಲ್ಲ. ಹಾಗಂತ ಅವನು ಸಂತನಲ್ಲ. ಕಚ್ಚುತ್ತಾನೆ, ಕದಿಯುತ್ತಾನೆ, ಹಾಡಿ ಕಾಸು ಕೇಳುತ್ತಾನೆ, ಜೋರಾಗಿ ನಗುತ್ತಾನೆ. ಇಷ್ಟು ನಗುವ ಬಾಂಬಿನ ಕಥೆ ಇನ್ನೊಂದು ನಾನು ಓದಿಲ್ಲ.

'ಜಂಪ್'ನಲ್ಲಿ ಒಂದು ವರ್ಷ ಚಿಲ್ಲರೆ ನಡೆದು ನಿಂತಿತು. ಆಮೇಲೆ ಬೇರೆ ಬೇರೆ ಪತ್ರಿಕೆಗಳಲ್ಲಿ ಕುಂಟುತ್ತಾ ಸಾಗಿ 1987ರಲ್ಲಿ ಮುಗಿಯಿತು. ಕೊನೆಯ ಭಾಗ ಬಂದದ್ದು ಜಪಾನಿನ ಅಧ್ಯಾಪಕರ ಸಂಘದ ಪತ್ರಿಕೆಯಲ್ಲಿ ಎಂಬುದು ನಮಗೆ, ಅಧ್ಯಾಪಕರಿಗೆ, ಸ್ವಲ್ಪ ಹೆಮ್ಮೆಯ ವಿಷಯ. ಒಟ್ಟು 10 ಸಂಪುಟ.

ಗೆನ್ ಹೋದ ಮೇಲೆ 'ಜಂಪ್' ಬೇರೆ ದಾರಿ ಹಿಡಿದು ಬಹಳ ದೊಡ್ಡದಾಯಿತು. 1968ರಲ್ಲಿ ಶುರುವಾದ ಆ ಪತ್ರಿಕೆಗೆ ಮೂರು ಮಂತ್ರ: ಗೆಳೆತನ, ಶ್ರಮ, ಗೆಲುವು. ಮನಸ್ಸನ್ನು ಬೆಚ್ಚಗೆ ಮಾಡುವುದು ಯಾವುದು, ಮುಖ್ಯವಾದದ್ದು ಯಾವುದು, ಖುಷಿ ಕೊಡುವುದು ಯಾವುದು ಅಂತ ಮಕ್ಕಳನ್ನೇ ಕೇಳಿ ಈ ಮೂರು ಪದ ಆರಿಸಿದ್ದು ಅಂತ ಹೇಳಿಕೊಳ್ಳುತ್ತಾರೆ. ಪ್ರತಿ ಸಂಚಿಕೆಯಲ್ಲೂ ಒಂದು ಕಾರ್ಡು, ಯಾವ ಕಥೆ ಹಿಡಿಸಿತು ಅಂತ ಓದುಗರು ಬರೆದು ಕಳಿಸಬೇಕು. ಹಿಡಿಸದ ಕಥೆಗೆ ಬಾಗಿಲು. ವಾರವಾರ ಪರೀಕ್ಷೆ ಬರೆಯುವ ಹಾಗೆ! ಮೊದಲ ಅಧ್ಯಾಯದಲ್ಲೇ ನಾಯಕ ತನ್ನ ಆಸೆ ಕೂಗಿ ಹೇಳುವುದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ಊಹೆ. ನಿಧಾನಕ್ಕೆ ಹೇಳೋಣ ಅಂದರೆ ಅಷ್ಟರಲ್ಲಿ ಕಥೆಯೇ ನಿಂತುಹೋದೀತು. 1994ರ ಕೊನೆಗೆ ಒಂದು ಸಂಚಿಕೆ 65 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಗುತ್ತಿತ್ತು.

ಆ ಕಾಲದ ರಾಜ ಗೋಕು, 1984ರಲ್ಲಿ ಅಕಿರಾ ತೊರಿಯಾಮಾ ಶುರುಮಾಡಿದ 'ಡ್ರ್ಯಾಗನ್ ಬಾಲ್'ನ ನಾಯಕ. ಇವನೇ ನಾನು ಹೇಳಿದ ಮಂಗ. ಚೀನಾದ 'ಪಶ್ಚಿಮ ಯಾತ್ರೆ' ಎಂಬ ಹಳೆಯ ಕಾದಂಬರಿಯಲ್ಲಿ ಹ್ಯೂಯೆನ್‌ತ್ಸಾಂಗನ ಜೊತೆ ಧರ್ಮಗ್ರಂಥ ತರಲು ಭಾರತದ ಕಡೆ ಹೊರಟ ಕಪಿರಾಜ ಸುನ್ ವುಕೊಂಗ್ ಇದ್ದಾನಲ್ಲ, ಅವನ ಹೆಸರನ್ನೇ ಜಪಾನಿಯಲ್ಲಿ ಓದಿದರೆ ಸೊನ್ ಗೋಕು. ಆ ಕಪಿಗೆ ಗುರುವಿನ ಜೊತೆ ಮುಟ್ಟಬೇಕಾದ ಒಂದು ಊರಿತ್ತು. ಗೋಕುಗೆ ಊರಿಲ್ಲ. ನಿನ್ನೆಗಿಂತ ಇಂದು ಬಲಶಾಲಿಯಾಗಬೇಕು, ತನಗಿಂತ ಬಲಶಾಲಿ ಇದ್ದರೆ ಅವನೊಂದಿಗೆ ಒಂದು ಕೈ ನೋಡಬೇಕು. ದ್ವೇಷವಿಲ್ಲ, ಕೊನೆಯೂ ಇಲ್ಲ. ನನಗೆ ಇವನು ಅಷ್ಟಾಗಿ ಹಿಡಿಸುವುದಿಲ್ಲ, ಮಕ್ಕಳ ಮುಂದೆ ಹೇಳಿದರೆ ಜಗಳಕ್ಕೆ ಬರುತ್ತಾರೆ.

ಹೆಣ್ಣುಮಕ್ಕಳ ಕಥೆಗಳ ದಾರಿ ಬೇರೆ. ತೆಜುಕಾ ಅವರ 'ರಿಬ್ಬನ್ನಿನ ವೀರ' (1953) ಕಥೆಯ ಸಫೈರ್ ಗಂಡುವೇಷ ಹಾಕುವುದು ಗಂಡುಮಕ್ಕಳಿಗೆ ಮಾತ್ರ ಸಿಂಹಾಸನ ಎಂಬ ನಿಯಮಕ್ಕಾಗಿ. ಇಕೆದಾ ರಿಯೊಕೊ 1972ರಲ್ಲಿ ಆರಂಭಿಸಿದ 'ವರ್ಸೈಯ ಗುಲಾಬಿ'ಯಲ್ಲಿ ಸೇನಾಪತಿಯ ಮಗಳು ಆಸ್ಕರಳನ್ನು ಅಪ್ಪ ಗಂಡಿನಂತೆ ಬೆಳೆಸುತ್ತಾನೆ, ಅವಳು ಫ್ರಾನ್ಸಿನ ರಾಣಿಯ ಅಂಗರಕ್ಷಕಿಯಾಗುತ್ತಾಳೆ. ಕೊನೆಗೆ 1789ರ ಜುಲೈ 14ರಂದು ತನ್ನ ಪಡೆಯೊಂದಿಗೆ ಜನರ ಕಡೆ ಸೇರಿ ಬಾಸ್ತಿಯ ಎದುರು ಗುಂಡು ತಿನ್ನುತ್ತಾಳೆ. ಅಪ್ಪ ಹೊರಿಸಿದ ವೇಷದೊಳಗಿಂದಲೇ ತನ್ನ ಇಷ್ಟವನ್ನು ಹುಡುಕಿಕೊಂಡವಳು.

1995 ಜಪಾನಿಗೆ ಕೆಟ್ಟ ವರ್ಷ. ಜನವರಿ 17ರಂದು ಕೋಬೆಯ ಭೂಕಂಪ, ಮಾರ್ಚ್ 20ರಂದು ಟೋಕಿಯೋ ಮೆಟ್ರೋದಲ್ಲಿ ವಿಷಾನಿಲ. ಹಣದ ಗುಳ್ಳೆ ಆಗಲೇ ಒಡೆದಿತ್ತು, ದುಡಿದರೆ ಗೆಲುವು ಎಂಬ ಮಾತನ್ನು ನಂಬುವುದು ಕಷ್ಟವಾಗಿತ್ತು. ಅಕ್ಟೋಬರಿನಲ್ಲಿ ಹಿದೆಯಾಕಿ ಅನ್ನೊ ಅವರ 'ಇವಾಂಗೆಲಿಯನ್' ಟಿ.ವಿ.ಗೆ ಬಂತು. ನಾಯಕ ಶಿಂಜಿಗೆ 14 ವರ್ಷ. ವರ್ಷಗಟ್ಟಲೆ ತಿರುಗಿ ನೋಡದ ಅಪ್ಪ ದಿಢೀರನೆ ಕರೆಸಿ, ಈ ದೈತ್ಯಯಂತ್ರ ಹತ್ತು, ಶತ್ರುವನ್ನು ಕೊಲ್ಲು ಎನ್ನುತ್ತಾನೆ. ಹುಡುಗನಿಗೆ ಬೇಡ. ಏನೂ ಬೇಡ. ಅಪ್ಪ ಒಂದು ಸಲ ಶಭಾಶ್ ಅಂದರೆ ಸಾಕು, ಅದಕ್ಕಾಗಿ ಹತ್ತುತ್ತಾನೆ. ನಮ್ಮ ಬಭ್ರುವಾಹನ ನೆನಪಾದ. ಆದರೆ ಬಭ್ರುವಾಹನ ಬಾಣ ಎತ್ತಿದ, ಶಿಂಜಿ ಮೂಲೆಯಲ್ಲಿ ಮುದುಡಿ ಕೂತ. ತರಗತಿಯ ಕೊನೆಯ ಬೆಂಚಿನಲ್ಲಿ ಕಿಟಕಿ ನೋಡುತ್ತಾ ಕೂರುವ ಮಕ್ಕಳನ್ನು ಆಲಸಿಗಳು ಅಂತ ಬೈಯುವ ಮೊದಲು ಅಧ್ಯಾಪಕರು ಇದನ್ನೊಮ್ಮೆ ನೋಡಬಹುದು.

ಮಿಯಾಜಾಕಿಯವರ 'ಸ್ಪಿರಿಟೆಡ್ ಅವೇ' (2001) ಬಗ್ಗೆ ಒಂದೇ ಮಾತು. ಹತ್ತು ವರ್ಷದ ಚಿಹಿರೊ ಹಂದಿಗಳಾದ ಅಪ್ಪ ಅಮ್ಮನನ್ನು ಬಿಡಿಸಲು ದೇವತೆಗಳ ಸ್ನಾನದ ಮನೆಯಲ್ಲಿ ಚಾಕರಿಗೆ ಸೇರುತ್ತಾಳೆ. ಒಡತಿ ಮೊದಲು ಕಿತ್ತುಕೊಳ್ಳುವುದು ಅವಳ ಹೆಸರನ್ನು. ಹಳೆಯ ಹೆಸರು ಮರೆತವರಿಗೆ ಮನೆಯ ದಾರಿ ಸಿಗುವುದಿಲ್ಲ.

ಮಕ್ಕಳು ಬಿಡಿಸುವ ನರುಟೋ ಹುಟ್ಟಿದ್ದು 1999ರಲ್ಲಿ, ಮಸಾಶಿ ಕಿಶಿಮೊತೊ ಅವರ ಕೈಯಲ್ಲಿ. 2014ರಲ್ಲಿ 700 ಅಧ್ಯಾಯಕ್ಕೆ ಮುಗಿಯಿತು. ಊರನ್ನು ಹಾಳುಮಾಡಿದ ಒಂಬತ್ತು ಬಾಲದ ನರಿಯನ್ನು ಇವನ ಹೊಟ್ಟೆಯಲ್ಲಿ ಬಂಧಿಸಿಟ್ಟಿದ್ದಾರೆ. ಅವನಿಗೆ ಅದು ಗೊತ್ತಿಲ್ಲ, ಊರವರು ಯಾಕೆ ಮುಖ ತಿರುಗಿಸುತ್ತಾರೆ ಎಂಬುದೂ ಗೊತ್ತಿಲ್ಲ. ಶಾಲೆಯಲ್ಲಿ ಮೂರು ಸಲ ಫೇಲು. ಊರಿನ ಮುಖಂಡ ಹೊಕಾಗೆ ಆಗುತ್ತೇನೆ ಅಂತ ಕೂಗುವುದು, ಎಲ್ಲರೂ ತನ್ನ ಕಡೆ ನೋಡಲಿ ಅಂತ. ಮೊದಲ ಅಧ್ಯಾಯದಲ್ಲಿ ಮಕ್ಕಳು ಹೊಡೆದಾಟ ನೋಡುತ್ತಾರೆ, ನಾನು ನೋಡುವುದು ಇರುಕಾ ಮಾಷ್ಟ್ರನ್ನು. ಅದೇ ನರಿಯಿಂದ ತಂದೆ ತಾಯಿಯನ್ನು ಕಳಕೊಂಡ ಮನುಷ್ಯ, ನರುಟೋವನ್ನು ದ್ವೇಷಿಸಲು ಎಲ್ಲರಿಗಿಂತ ಹೆಚ್ಚು ಕಾರಣ ಇದ್ದವರು. ಅವರೇ ಬೆನ್ನಿಗೆ ಆಯುಧ ನಾಟಿಸಿಕೊಂಡು ಹುಡುಗನಿಗೆ ಅಡ್ಡ ನಿಂತು, ಇವನು ನರಿಯಲ್ಲ, ನನ್ನ ವಿದ್ಯಾರ್ಥಿ ಎನ್ನುತ್ತಾರೆ. ನರುಟೋ ಮರದ ಮರೆಯಲ್ಲಿ ಕೂತು ಕೇಳಿಸಿಕೊಂಡು ಅಳುತ್ತಾನೆ. 700 ಅಧ್ಯಾಯಗಳ ಕಥೆ ನಿಂತಿರುವುದು ಒಬ್ಬ ಮಾಷ್ಟ್ರ ಆ ಮಾತಿನ ಮೇಲೆ. ಲೂಫಿಯದು (1997ರಿಂದ) ಇನ್ನೂ ನಡೆಯುತ್ತಿರುವ ಕಥೆ. ಅವನಿಗೆ ರಾಜನಾಗುವುದು ಎಂದರೆ ಎಲ್ಲರಿಗಿಂತ ಸ್ವತಂತ್ರನಾಗಿರುವುದು, ಆಳುವುದಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಗಾಳಿ ಮತ್ತೆ ತಿರುಗಿದ ಹಾಗಿದೆ. ಕೊಯೊಹಾರು ಗೊತೊಗೆ ಅವರ 'ಡೀಮನ್ ಸ್ಲೇಯರ್' (2016ರಿಂದ 2020) ಕಥೆಯ ತಾಂಜಿರೋ ಇದ್ದಿಲು ಮಾರುವ ಮನೆಯ ಹಿರಿಯ ಮಗ. ರಾಕ್ಷಸ ಮನೆಯವರನ್ನೆಲ್ಲ ಕೊಂದ, ಉಳಿದ ತಂಗಿ ನೆಜುಕೊ ರಾಕ್ಷಸಿಯಾದಳು. ಅವಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡಬೇಕು, ಅಷ್ಟೇ. ಕೀರ್ತಿಯೂ ಬೇಡ, ಪಟ್ಟವೂ ಬೇಡ. ಕೊಂದ ರಾಕ್ಷಸನಿಗೂ ಒಂದು ಕ್ಷಣ ಕೈಮುಗಿಯುತ್ತಾನೆ. 2020ರ ಅಕ್ಟೋಬರಿನಲ್ಲಿ, ಕೊರೋನಾದ ನಡುವೆಯೇ ಬಂದ ಇದರ ಚಿತ್ರ ಜಪಾನಿನಲ್ಲಿ 'ಸ್ಪಿರಿಟೆಡ್ ಅವೇ'ಯ ಗಳಿಕೆಯ ದಾಖಲೆ ಮುರಿಯಿತು. ಆ ವರ್ಷ ಎಲ್ಲರಿಗೂ ಬೇಕಿದ್ದದ್ದು ಅದೇ ಇರಬೇಕು, ಮನೆಯವರು ಮೊದಲಿನ ಹಾಗೆ ಆದರೆ ಸಾಕು ಅಂತ.

ಗೆನ್‌ನ ಗತಿ ಏನಾಯಿತು ಅಂತ ಹೇಳಬೇಕು. 2012ರ ಡಿಸೆಂಬರ್ 19ರಂದು ನಕಾಜಾವಾ ತೀರಿಕೊಂಡರು. ಅದೇ ತಿಂಗಳು ಮತ್ಸುಎ ಎಂಬ ನಗರದ ಶಿಕ್ಷಣ ಮಂಡಳಿ ಅಲ್ಲಿಯ ಶಾಲೆಗಳಿಗೆ ಸೂಚನೆ ಕೊಟ್ಟಿತು: 'ಬರಿಗಾಲ ಗೆನ್' ಪುಸ್ತಕವನ್ನು ಮಕ್ಕಳ ಕೈಗೆ ಸಿಗುವ ಕಪಾಟಿನಲ್ಲಿ ಇಡಬೇಡಿ. ಜಪಾನೀ ಸೈನಿಕರ ಕ್ರೌರ್ಯದ ಚಿತ್ರಗಳು ಅತಿಯಾಗಿವೆ ಎಂಬುದು ಕಾರಣ. 2013ರ ಆಗಸ್ಟಿನಲ್ಲಿ ವಿಷಯ ಬಯಲಾಗಿ ದೇಶವೆಲ್ಲ ಗದ್ದಲವೆದ್ದು ಸೂಚನೆಯನ್ನು ಹಿಂದೆಗೆದುಕೊಂಡರು. ಇನ್ನೊಂದು 2023ರದು, ಅದೂ ಹಿರೋಷಿಮಾದಲ್ಲೇ. ನಗರದ ಶಾಲೆಗಳ ಶಾಂತಿಪಾಠದ ಪುಸ್ತಕದಲ್ಲಿ ಮೂರನೇ ಕ್ಲಾಸಿಗೆ ಗೆನ್ ಇದ್ದ. ತಾಯಿಗೆ ತಿನ್ನಿಸಲಿಕ್ಕೆ ಬೇರೆಯವರ ಕೊಳದಿಂದ ಮೀನು ಕದಿಯುವ ದೃಶ್ಯ. ಕದಿಯುವುದು ಸರಿ ಅಂತ ಈಗಿನ ಮಕ್ಕಳು ತಪ್ಪು ತಿಳಿದಾರು, ಆ ಕಾಲದ ಕಷ್ಟ ಅವರಿಗೆ ಅರ್ಥವಾಗದು ಅಂತ ಹೇಳಿ ಆ ವರ್ಷದ ಏಪ್ರಿಲಿನಿಂದ ಅದನ್ನು ತೆಗೆದರು. ಅರ್ಥವಾಗದ್ದನ್ನು ಅರ್ಥಮಾಡಿಸಲು ತಾನೇ ತರಗತಿಯಲ್ಲಿ ಒಬ್ಬ ಮಾಷ್ಟ್ರು ಇರುವುದು?

ಇಂಗ್ಲಿಷಿನಲ್ಲಿ 10 ಸಂಪುಟಗಳೂ ಬಂದಿವೆ. ಶಾಲೆಯ ಲೈಬ್ರರಿಗೆ ತರಿಸುವವರು ಮೊದಲ ಎರಡು ತರಿಸಿದರೆ ಸಾಕು, ಎಂಟನೇ ಕ್ಲಾಸಿನಿಂದ ಮೇಲಿನವರಿಗೆ. ಬಾಂಬು ಬೀಳುವ ಪುಟಗಳು ಬರುವುದು ಮೊದಲ ಸಂಪುಟದ ಕೊನೆಯಲ್ಲಿ. ಅಲ್ಲಿಗೆ ಮುಟ್ಟುವಾಗ ಮಕ್ಕಳ ಜೊತೆ ಒಬ್ಬರು ದೊಡ್ಡವರು ಕೂತಿರಲಿ.